ಆ ಮನೆಯ ಗಾಳಿ

ಹಾಲು ಇನ್ನೂ ಉಕ್ಕಿರಲಿಲ್ಲ. ಅಳವಂಡಿಯ ಆ ಹೊಸ ಮನೆಯ ಅಡುಗೆಕೋಣೆಯಲ್ಲಿ ಹೆಂಗಸರೆಲ್ಲ ಒಲೆಯನ್ನು ಮುತ್ತಿಕೊಂಡು ಪಾತ್ರೆಯೊಳಗೇ ಕಣ್ಣು ನೆಟ್ಟಿದ್ದರು. ನಡುಮನೆಯಲ್ಲಿ ಹಾರ್ಮೋನಿಯಂ ಪೇಟಿಯ ಮುಂದೆ ಕೂತ ಕಳಕಮ್ಮ ಹಾಡಿನ ಕೊನೆಯ ನುಡಿ ಎತ್ತಿಕೊಂಡಿದ್ದಳು. ಆಗಲೇ ಪಕ್ಕೀರವ್ವನ ಸೊಂಟದ ಚೀಲದಲ್ಲಿದ್ದ ಮೊಬೈಲು ನಡುಗಿತು. ಅವಳು ತಾಳ ಕೆಳಗಿಟ್ಟು, ಸೆರಗು ಮರೆಮಾಡಿಕೊಂಡು ಕೇಳಿಸಿಕೊಂಡಳು. ಮತ್ತೆ ತಾಳ ಕೈಗೆತ್ತಿಕೊಂಡಾಗ ಪೆಟ್ಟು ಹಾಡಿನೊಂದಿಗೆ ಕೂಡಲಿಲ್ಲ. ತಬಲ ನುಡಿಸುತ್ತಿದ್ದ ಅವಳ ಗಂಡ ಓಬಳೆಪ್ಪ ಹುಬ್ಬು ಗಂಟಿಕ್ಕಿ ನೋಡಿದ.

ಪಕ್ಕೀರವ್ವ ಬಗ್ಗಿ ಕಳಕಮ್ಮನ ಕಿವಿಯಲ್ಲಿ ಹೇಳಿದಳು. "ಅಕ್ಕಾ, ಕುಕನೂರು ಪೇಟಿ ಮಾಸ್ತರು ಹೋದ್ರಂತ. ಬೆಳಕು ಹರಿಯೂದ್ರಾಗ."

ಕಳಕಮ್ಮನ ಬಾಯಲ್ಲಿದ್ದ ಸಾಲು ನಿಲ್ಲಲಿಲ್ಲ. ನಿಲ್ಲುವ ಹಾಗೂ ಇರಲಿಲ್ಲ. ಹಾಲು ಉಕ್ಕುವ ಮೊದಲೇ ಹಾಡು ಕಡಿದರೆ ಆ ಮನೆಯವರು ಮುಂದೆ ಎಂದಾದರೂ ಒಂದು ಹಂಚು ಜಾರಿದರೂ ಅದನ್ನೇ ನೆನೆಯುತ್ತಾರೆ. ಇನ್ನು ಸಾವಿನ ಸುದ್ದಿ ಆ ಹಸಿ ಬಣ್ಣದ ಗೋಡೆಗಳ ನಡುವೆ ಬಾಯಿಬಿಟ್ಟು ಹೇಳುವುದಂತೂ ಆಗದ ಮಾತು. ಅವಳು ಅದೇ ಸಾಲನ್ನು ಮತ್ತೊಮ್ಮೆ ಹಾಡಿದಳು, ಮಗದೊಮ್ಮೆ ಹಾಡಿದಳು. ಕಣ್ಣಿನ ಮುಂದೆ ಪೇಟಿಯ ಬಿಳಿ ಪಟ್ಟಿ, ಕರಿ ಪಟ್ಟಿ ಕಲಸಿಹೋದವು. ಬೆರಳುಗಳಿಗೆ ಮಾತ್ರ ದಾರಿ ಗೊತ್ತಿತ್ತು. ಒಳಗಿನಿಂದ "ಉಕ್ಕಿತು, ಉಕ್ಕಿತು!" ಎಂದು ಕೂಗು ಬಂದಮೇಲೆ ಮಂಗಳ ಹಾಡಿ ಕೈ ಮುಗಿದಳು.

ಎದ್ದೇಳುವ ಮುಂಚೆ ಎಂದಿನಂತೆ ಒಂದು ಪಟ್ಟಿಯನ್ನು ಒತ್ತಿಹಿಡಿದು, ಪೇಟಿಯ ತಿದಿಯಲ್ಲಿ ಉಳಿದ ಗಾಳಿಯನ್ನೆಲ್ಲ ಹೊರಗೆ ಬಿಟ್ಟಳು. ಸಣ್ಣ ದನಿಯೊಂದು ಎಳೆ ಎಳೆಯಾಗಿ ತೆಳ್ಳಗಾಗಿ ನಿಂತಿತು. ಆಮೇಲೆಯೇ ಮುಚ್ಚಳ ಹಾಕಿದಳು. ಇದು ಕುಕನೂರಿನ ಲಕ್ಷ್ಮಣಪ್ಪ ಮಾಸ್ತರರು ಕಲಿಸಿದ ಪದ್ಧತಿ. ಅವರ ಕೈಯಲ್ಲಿ ಪೇಟಿ ಕಲಿತವರು ಯಾರೂ ಇದನ್ನು ತಪ್ಪಿಸುತ್ತಿರಲಿಲ್ಲ. "ಆ ಮನಿ ಗಾಳಿ ಆ ಮನ್ಯಾಗ ಬಿಟ್ಟು ಬರಬೇಕು ನೋಡ ತಂಗಿ. ಒಂದ ದಿನದಾಗ ಮೂರು ಮನಿ, ನಾಕು ಮನಿ ತಿರುಗೋರು ನಾವು. ಒಬ್ಬರ ಮನಿ ಗಾಳಿ ತಂದು ಇನ್ನೊಬ್ಬರ ಮನ್ಯಾಗ ಊದಬಾರದು" ಎನ್ನುತ್ತಿದ್ದರು.

ಹೊರಗೆ ಬೇವಿನ ಗಿಡದ ಕೆಳಗೆ ಓಬಳೆಪ್ಪನ ಮೂರು ಗಾಲಿಯ ಟಂಟಂ ನಿಂತಿತ್ತು. ಸುದ್ದಿ ಕೇಳಿ ಅವನು ಹೆಗಲ ಮೇಲಿನ ಟವೆಲು ತೆಗೆದು ಮುಖಕ್ಕೆ ಒತ್ತಿಕೊಂಡ. ಆಮೇಲೆ ತಲೆಯೆತ್ತಿ, "ಈಗ ಹೆಂಗಕ್ಕಾ? ಸಂಜಿಗಿ ಸಿದ್ದಾಪುರದಾಗ ತೊಟ್ಟಿಲ ಐತಿ. ಮಣ್ಣಿಗಿ ಹೋಗಿ ಬಂದೋರನ್ನ ತೊಟ್ಟಿಲ ಹತ್ರ ಯಾರು ಬಿಟ್ಕೋತಾರ? ಯಾವುದರೆ ಒಂದು ಬಿಡಬೇಕು" ಎಂದ.

"ಯಾವುದು ಬಿಡ್ಲಿ, ನೀನ ಹೇಳು" ಎಂದಳು ಕಳಕಮ್ಮ.

ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಎರಡೂ ಕಡೆ ಅವಳು ಮಾತು ಕೊಟ್ಟಾಗ ಅವನೂ ಪಕ್ಕದಲ್ಲಿದ್ದವನೇ.

ಹೆಣ್ಣುಮಕ್ಕಳು ಪೇಟಿ ಮುಟ್ಟುವುದುಂಟೇ ಎಂದು ಕಳಕಮ್ಮನ ಅತ್ತೆ ಬಾಗಿಲು ಹಾಕಿಕೊಂಡ ಕಾಲದಲ್ಲಿ, ಕುಕನೂರಿನ ತಮ್ಮ ಪಡಸಾಲೆಯಲ್ಲಿ ಅವಳನ್ನು ಕೂರಿಸಿ ಕಲಿಸಿದವರು ಲಕ್ಷ್ಮಣಪ್ಪ. ಹೋದ ಸುಗ್ಗಿಯಲ್ಲಿ ಹಾಸಿಗೆ ಹಿಡಿದಿದ್ದ ಅವರನ್ನು ನೋಡಲು ಹೋದಾಗ ಕೈ ಹಿಡಿದು ಹೇಳಿದ್ದರು: "ನಾ ಸತ್ತ ದಿನ ನನ್ನ ಮುಂದ ಮೊಬೈಲ್ ಹಚ್ಚಿ ಕುಂದ್ರಸ್ತಾರ ಇವರು. ನೀ ಬಂದು ಹಾಡವಾ. ಬಾಯಿಲೆ ಹಾಡಿದ್ದು ಕೇಳ್ಕೋತ ಹೋಗ್ತೀನಿ." ಅವಳು ಆಗಲಿ ಎಂದು ಮಾತು ಕೊಟ್ಟಿದ್ದಳು.

ಸಿದ್ದಾಪುರದ್ದು ಬೇರೆ. ಯಾರದೋ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಹಾಡಲು ಹೋದಾಗ ದಾನೇಶ್ವರಿ ಎಂಬ ಹೆಂಗಸು ಕಂಬದ ಹಿಂದೆ ನಿಂತಿದ್ದಳು. ಮದುವೆಯಾಗಿ ವರ್ಷಗಳಾದರೂ ಮಕ್ಕಳಿರಲಿಲ್ಲ. ಉಳಿದವರೆಲ್ಲ ತೊಟ್ಟಿಲು ತೂಗಿದರು, ಅವಳನ್ನು ಮಾತ್ರ ಯಾರೂ ಕರೆಯಲಿಲ್ಲ. ಹೊರಡುವಾಗ ಕಳಕಮ್ಮ ಅವಳ ಗದ್ದ ಹಿಡಿದು, "ನಿನ್ನ ತೊಟ್ಟಿಲಕ್ಕ ನಾನ ಬಂದು ಹಾಡ್ತೀನಿ. ಎಲ್ಲೇ ಇರ್ಲಿ, ಬರ್ತೀನಿ" ಎಂದಿದ್ದಳು. ಅಲ್ಲಿದ್ದವರೆಲ್ಲ ಬೇರೆ ಕಡೆ ನೋಡಿದ್ದರು. ಇವತ್ತು ಅದೇ ದಾನೇಶ್ವರಿಯ ಮಗುವಿಗೆ ಹೆಸರಿಡುವ ದಿನ.

"ಎರಡೂ ಆಗತಾವು" ಎಂದಳು ಕಳಕಮ್ಮ. "ಗಾಡಿ ಚಾಲೂ ಮಾಡು."

"ಇದು ಟಂಟಂ ಅಕ್ಕಾ, ಇಮಾನಲ್ಲ. ಕುಕನೂರಿಂದ ಸಿದ್ದಾಪುರ ಅಂದ್ರ ಜಿಲ್ಲಾದ ಈ ತುದಿಯಿಂದ ಆ ತುದಿ."

"ನಿನ್ನ ತಬಲಾ ನನ್ನ ಹಾಡು ಬಿಟ್ಟು ಮುಂದ ಮುಂದ ಓಡತೈತೆಲ್ಲ, ಹಂಗ ಗಾಡಿನೂ ಓಡಸು."

ಅಳುತ್ತಿದ್ದ ಪಕ್ಕೀರವ್ವನಿಗೆ ನಗು ಬಂದುಬಿಟ್ಟಿತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗಾಡಿ ಹತ್ತಿದಳು.

ಕುಕನೂರಿನಲ್ಲಿ ಮಾಸ್ತರರು ಹೇಳಿದಂತೆಯೇ ಆಗಿತ್ತು. ಪಡಸಾಲೆಯ ಗೋಡೆಗೆ ಒರಗಿಸಿ, ತಲೆಗೆ ರುಮಾಲು ಸುತ್ತಿ, ಹಣೆತುಂಬ ವಿಭೂತಿ ಹಚ್ಚಿ ಅವರನ್ನು ಕೂರಿಸಿದ್ದರು. ಎದುರಿಗೆ ಸ್ಟೂಲಿನ ಮೇಲೆ ಸಣ್ಣ ಸ್ಪೀಕರಿನಲ್ಲಿ ಯಾರೋ ತಾರಕದಲ್ಲಿ ಹಾಡುತ್ತಿದ್ದರು. ನಡುನಡುವೆ ಯಾವುದೋ ಸೀರೆ ಅಂಗಡಿಯ ಜಾಹೀರಾತು. ಮಗ ಅಮರಪ್ಪ ಎದ್ದು ಬಂದ.

"ಬಂದ್ಯಾ ಅಕ್ಕಾ. ನಿಮ್ಮ ದಾರಿ ಕಾದು ಕಾದು ಇದನ್ನ ಹಚ್ಚಿದ್ವಿ."

"ಆರಿಸಪಾ ಅದನ್ನ" ಎಂದಳು ಅವಳು. ಮಾಸ್ತರರ ಪಾದಕ್ಕೆ ಹಣೆ ಮುಟ್ಟಿಸಿ, ಪೇಟಿ ಬಿಚ್ಚಿ ಕೂತಳು. ಅವರ ಮುಖ ನೋಡದೆ ರುಮಾಲಿನ ಅಂಚನ್ನೇ ನೋಡುತ್ತ ಹಾಡಿದಳು.

*ಸಂತಿ ಮುಗಿಸಿ ಹೊಂಟಾನವ್ವ,*
*ಗಂಟು ಇಲ್ಲೇ ಬಿಟ್ಟಾನವ್ವ…*

ಕೂತವರೆಲ್ಲ ದನಿಗೂಡಿಸಿದರು. ತಾರಕಕ್ಕೆ ಏರಿಸಬೇಕಾದಲ್ಲಿ ಏರಿಸಿದಳು, ಸಂಜೆಗೆ ಇರಲಿ ಎಂದು ಕೂಡಿಡಲಿಲ್ಲ. ಮಾಸ್ತರರ ಮುಂದೆ ದನಿ ಉಳಿಸಿಕೊಂಡು ಹಾಡಿದವರು ಯಾರೂ ಇರಲಿಲ್ಲ, ಅವರಿಗೆ ಗೊತ್ತಾಗಿಬಿಡುತ್ತಿತ್ತು. ಮೂಲೆಯಲ್ಲಿ ಯಾರೋ ಮೊಬೈಲು ಎತ್ತಿ ಹಿಡಿದು ಅದನ್ನೆಲ್ಲ ತುಂಬಿಕೊಳ್ಳುತ್ತಿದ್ದರು.

ಹಾಡು ಇನ್ನೂ ನಡೆದಿರುವಾಗಲೇ ಹೊಲದಿಂದ ಕುಣಿ ತೋಡಿಯಾದ ಸುದ್ದಿ ಬಂತು. "ಬಿಸಲು ಏರಾಕ್ಹತ್ತೈತಿ, ಎತ್ರಪಾ ಎತ್ರಿ" ಎಂದು ಹಿರಿಯರು ಅವಸರ ಮಾಡಿದರು. ಗಂಡಸರು ಹೆಗಲು ಕೊಟ್ಟರು, ಒಳಗಿನ ಹೆಂಗಸರು ಒಮ್ಮೆಲೇ ಗೊಳೋ ಎಂದರು. ಕಳಕಮ್ಮ ಪೇಟಿಯ ಕೊಂಡಿ ಸಿಕ್ಕಿಸಿ ಓಬಳೆಪ್ಪನ ಕೈಗೆ ಕೊಟ್ಟು, ಬಾಯಲ್ಲಿದ್ದ ಸಾಲನ್ನು ಬಿಡದೆ ಹಾಡುತ್ತಲೇ ಹಿಂದೆ ನಡೆದಳು. ಹೊಲದ ಬದುವಿನಲ್ಲಿ ಮಣ್ಣು ಹಿಡಿಯುವವರೆಗೂ ಹಾಡಿದಳು. ಹಿಡಿ ಮಣ್ಣು ಹಾಕಿ ತಿರುಗಿದಾಗ ಅವಳ ದನಿ ಅರ್ಧಕ್ಕರ್ಧ ಅಲ್ಲೇ ಉಳಿದಿತ್ತು.

ಗಾಡಿ ಸಿದ್ದಾಪುರದ ದಾರಿ ಹಿಡಿಯಿತು. ಭಾನಾಪುರ ದಾಟಿ, ಕೊಪ್ಪಳ ಹಿಂದಾಗಿ, ಗಿಣಿಗೇರಿಯ ಕಾರ್ಖಾನೆಗಳ ಹೊಗೆ ಕಂಡಾಗ ಪಕ್ಕೀರವ್ವ ತಡೆಯಲಾರದೆ, "ಹೊಟ್ಟಿ ತಾಳ ಹಾಕಾಕ್ಹತ್ತೈತಿ" ಎಂದಳು. ಸ್ನಾನವಾಗದೆ ಯಾರೂ ಉಣ್ಣುವಂತಿಲ್ಲ. ಗಂಗಾವತಿ ದಾಟಿದ ಮೇಲೆ ಕಾಲುವೆ ಸಿಕ್ಕಿತು. ಮೆಟ್ಟಿಲಿದ್ದ ಕಡೆ ಗಾಡಿ ನಿಲ್ಲಿಸಿ ಮೂವರೂ ಮುಳುಗೆದ್ದರು. ಕಳಕಮ್ಮ ಚೀಲದಲ್ಲಿದ್ದ ಹಸಿರು ಸೀರೆ ಉಟ್ಟಳು, ಕುಂಕುಮ ಹಚ್ಚಿಕೊಂಡಳು. ಆಮೇಲೆ ಡಬ್ಬಿ ಅಂಗಡಿಯೊಂದರಲ್ಲಿ ಮಂಡಕ್ಕಿ ಒಗ್ಗರಣೆ ತಿಂದರು. ಮಿರ್ಚಿ ಮುಟ್ಟಬೇಡ, ದನಿ ಕೂರುತ್ತದೆ ಎಂದು ಪಕ್ಕೀರವ್ವ ಕಳಕಮ್ಮನ ಪಾಲಿನದನ್ನೂ ತಾನೇ ತಿಂದಳು.

"ನೋಡಕ್ಕಾ" ಎಂದ ಓಬಳೆಪ್ಪ, ಟೀ ಕುಡಿಯುತ್ತ. "ಅಲ್ಲಿ ಹೋಗಿ ಸತ್ಯಹರಿಶ್ಚಂದ್ರನ ಮೊಮ್ಮಗಳಾಗಬ್ಯಾಡ. ಮಿಂದೀವಿ, ಮುಗೀತು. ಯಾರಿಗಿ ಏನು ಹೇಳೋದೈತಿ?"

ಕಳಕಮ್ಮ ಅಂಗಡಿಯವನತ್ತ ತಿರುಗಿದಳು. ಬಿಸಿ ನೀರು ಕೇಳಿ ಗುಟುಕು ಗುಟುಕಾಗಿ ಕುಡಿದಳು.

ಹೇಳುವ ಬಿಡುವ ಮಾತೇ ಬರಲಿಲ್ಲ. ಭತ್ತದ ಗದ್ದೆಗಳ ನಡುವಿನ ದಾರಿ ಮುಗಿದು ಸಿದ್ದಾಪುರದ ಆ ಮನೆಯ ಮುಂದೆ ಗಾಡಿ ನಿಲ್ಲುವಾಗ ದೀಪ ಹಚ್ಚುವ ಹೊತ್ತು. ಬಾಗಿಲಿಗೆ ಮಾವಿನೆಲೆ, ಒಳಗೆ ಹೆಂಗಸರ ಗದ್ದಲ. ದಾನೇಶ್ವರಿಯ ತಾಯಿ ಸಣ್ಣವ್ವ ಹೊಸ್ತಿಲ ಮೇಲೆ ನಿಂತಿದ್ದಳು. ಕೈಯಲ್ಲಿ ಮೊಬೈಲು ಇತ್ತು, ಅದರಲ್ಲಿ ಕಳಕಮ್ಮನ ದನಿಯೇ ಹಾಡುತ್ತಿತ್ತು: ಸಂತಿ ಮುಗಿಸಿ ಹೊಂಟಾನವ್ವ…

"ಯಾರೋ ಸ್ಟೇಟಸ್ ಇಟ್ಟಾರ" ಎಂದಳು ಸಣ್ಣವ್ವ. "ಅಲ್ಲೇ ನಿಂದ್ರು ಕಳಕಮ್ಮ. ಒಳಗ ಬರಬ್ಯಾಡ."

"ಮಿಂದು ಬಂದೀನ್ರಿ ಸಣ್ಣವ್ವಾರ. ಹರಿಯೋ ನೀರಾಗ."

"ನೀ ಮಿಂದಿ. ನಿನ್ನ ಪೇಟಿ ಮಿಂದೈತೇನು?"

ಕಳಕಮ್ಮ ಬಾಯಿ ತೆರೆದಳು. ಆ ಮನೆಯ ಗಾಳಿ ಅಲ್ಲೇ ಬಿಟ್ಟು ಬಂದೀನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಂದದ್ದು ಅಲ್ಲೇ ನಿಂತಿತು. ಎತ್ರಿ ಎತ್ರಿ ಎಂಬ ಅವಸರದಲ್ಲಿ ಕೊಂಡಿ ಸಿಕ್ಕಿಸಿದ್ದು ನೆನಪಾಯಿತು. ಗಾಳಿ ಬಿಟ್ಟಿರಲಿಲ್ಲ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಮರೆಯದಿದ್ದುದನ್ನು ಮಾಸ್ತರರ ಮನೆಯಲ್ಲೇ ಮರೆತಿದ್ದಳು.

ಓಬಳೆಪ್ಪ ಮುಂದೆ ಬಂದ. "ನಮ್ಮದೊಂದು ಪದ್ಧತಿ ಐತ್ರಿ ಯವ್ವಾ. ಮನಿ ಬಿಡೋ ಮುಂದ ಪೇಟಿ ಗಾಳಿ ಪೂರಾ ಖಾಲಿ ಮಾಡಿ ಬರ್ತೀವಿ. ಅಲ್ಲಿಂದು ಅಲ್ಲೇ."

"ಇಲ್ಲ" ಎಂದಳು ಕಳಕಮ್ಮ. "ಇವತ್ತು ಮಾಡಿಲ್ಲ. ಮರತೆ. ಅಲ್ಲಿ ಗಾಳಿ ಇನ್ನೂ ಅದರಾಗ ಐತಿ."

ಓಬಳೆಪ್ಪ ಹಣೆ ಬಡಿದುಕೊಂಡ. ಸಣ್ಣವ್ವ ಮೊಬೈಲು ಆರಿಸಿ ಅವಳನ್ನೇ ನೋಡಿದಳು. "ಹಂಗಾದ್ರ ಹೆಂಗ ಒಳಗ ತರ್ತಿ ಅದನ್ನ? ಕೇಳಿ ಕೇಳಿ ಪಡದ ಕೂಸು ಐತಿ ತಂಗಿ. ನನ್ನ ಜೀವ ಅಂಗೈಯಾಗ ಹಿಡಕೊಂಡು ಕುಂತೀನಿ."

"ತರೂದಿಲ್ರಿ. ಪೇಟಿ, ತಬಲಾ, ತಾಳ, ಮೂರೂ ಗಾಡ್ಯಾಗ ಇರ್ಲಿ. ನಾ ಬರೇ ಬಾಯಿಲೆ ಹಾಡ್ತೀನಿ."

"ಬರೇ ಬಾಯಿಲೆ? ನಿನ್ನ ದನಿ ನಿನಗ ಕೇಳಸ್ತೈತೇನು? ಒಡದ ಗಡಿಗಿ ಆಗೇತಿ. ಮೊಬೈಲ್‌ನ್ಯಾಗ ತೊಟ್ಟಿಲ ಹಾಡು ಬೇಕಾದಷ್ಟು ಅದಾವು, ಅದನ್ನ ಹಚ್ತೀವಿ. ಬ್ಯಾಸರ ಮಾಡ್ಕೋಬ್ಯಾಡ, ಊಟ ಹೊರಗ ಕೊಟ್ಟು ಕಳಸ್ತೀನಿ."

"ಊಟಕ್ಕ ಬಂದಿಲ್ರಿ. ಹಾಡ್ತೀನಿ ಅಂತ ನಿಮ್ಮ ಮಗಳಿಗಿ ಹೇಳೀನಿ. ಒಳಗ ಬ್ಯಾಡಂದ್ರ ಇಲ್ಲೇ ಬೀದ್ಯಾಗ ನಿಂತು ಹಾಡ್ತೀನಿ. ಕೇಳಸಿದಷ್ಟು ಕೇಳಸ್ಲಿ."

ಹಾಗೆಂದು ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ರಂಗೋಲಿಯ ಆಚೆ ನಿಂತೇಬಿಟ್ಟಳು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಒಳಗಿನ ಗದ್ದಲ ಅಡಗಿತ್ತು. ದಾನೇಶ್ವರಿಯ ದನಿ ಕೇಳಿಸಿತು: "ಯವ್ವಾ, ಯಾರು ಬಂದಾರ? ಹಾಡೋ ಅಕ್ಕ ಬಂದ್ಲೇನು?"

ಸಣ್ಣವ್ವ ಮೊಬೈಲು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಳಗೆ ಹೋದಳು. ಬರುವಾಗ ಕೈಯಲ್ಲಿ ತುಂಬಿದ ತಂಬಿಗೆ ಇತ್ತು.

"ಕಾಲು ಮುಂದ ಮಾಡು" ಎಂದಳು. ನೀರು ಹಾಕಿದಳು. ಪಕ್ಕೀರವ್ವನ ಕಾಲಿಗೂ ಹಾಕಿದಳು. ಓಬಳೆಪ್ಪ ತಾನೇ ಹಿಂದೆ ಸರಿದ. "ನಾ ಇಲ್ಲೇ ಇರ್ತೀನ್ರಿ. ಪೇಟಿ ಒಂದ ಕುಂತ್ರ ಅಳತೈತಿ" ಎಂದು ಟಂಟಂ ಹತ್ತಿ ಅದರ ಪಕ್ಕ ಕೂತ.

ನಡುಮನೆಯ ಜಂತಿಗೆ ಕಟ್ಟಿದ ತೊಟ್ಟಿಲಿನ ಸುತ್ತ ಹೆಂಗಸರು ಕೂತಿದ್ದರು. ದಾನೇಶ್ವರಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಣೆಯ ಮೇಲಿದ್ದಳು. ಕಳಕಮ್ಮನನ್ನು ಕಂಡು ಅವಳು ಪಕ್ಕಕ್ಕೆ ಸರಿದು ಜಾಗ ಮಾಡಿದಳು.

ಪೇಟಿ ಹಿಡಿದಂದಿನಿಂದ ಕಳಕಮ್ಮ ಜನರ ಮುಂದೆ ಬರಿಗೈಯಲ್ಲಿ ಹಾಡು ಶುರುಮಾಡಿರಲಿಲ್ಲ. ಎಲ್ಲಿಂದ ಎತ್ತಿಕೊಳ್ಳಬೇಕೆಂದು ಹೇಳುವ ದನಿ ಪಕ್ಕದಲ್ಲಿರಲಿಲ್ಲ. ಎತ್ತಿಕೊಂಡ ಮೊದಲ ಸ್ವರವೇ ಬಿರಿಯಿತು. ಹಿಂದೆ ಯಾರೋ ಕಿಸಕ್ಕೆಂದರು. ಅವಳು ನಿಲ್ಲಿಸಿ, ಉಗುಳು ನುಂಗಿ, ಇನ್ನೂ ಕೆಳಗಿನಿಂದ ಎತ್ತಿಕೊಂಡಳು. ಅದೂ ಕೂಡಲಿಲ್ಲ. ಮತ್ತೂ ಕೆಳಗೆ ಇಳಿದಳು. ಹಾಡುವುದೋ ಮಾತಾಡುವುದೋ ಎನ್ನುವಷ್ಟು ಕೆಳಗೆ, ಹೊಲದಲ್ಲಿ ಕಳೆ ಕೀಳುವಾಗ ಒಬ್ಬಳೇ ಗುನುಗುವ ಎತ್ತರದಲ್ಲಿ, ಒಂದು ಜಾಗ ಸಿಕ್ಕಿತು. ಅಲ್ಲಿ ಕಾಲೂರಿದಳು.

*ಕಾಲುವಿ ನೀರು ಬಂದ್ಹಾಂಗ ಬಂದ್ಯೋ ಕಂದ,*
*ಕಾದ ಮಡಿ ತೊಯ್ಯುವಂಗ ಬಂದ್ಯೋ…*

ಪಕ್ಕೀರವ್ವ ತೊಡೆಯ ಮೇಲೆ ಮೆಲ್ಲಗೆ ತಟ್ಟತೊಡಗಿದಳು. ಅಷ್ಟು ತಗ್ಗಿನ ದನಿ ಕೇಳಿಸಬೇಕೆಂದರೆ ಬಾಯಿ ಮುಚ್ಚಿ ಕೂರಲೇಬೇಕು. ಹೆಂಗಸರು ಒಬ್ಬೊಬ್ಬರಾಗಿ ಮಾತು ನಿಲ್ಲಿಸಿ ಹತ್ತಿರ ಸರಿದರು. ಎರಡನೆಯ ನುಡಿಗೆ ಮುದುಕಿಯೊಬ್ಬಳು ಅದೇ ತಗ್ಗಿನಲ್ಲಿ ಸೊಲ್ಲು ಹಿಡಿದಳು. ಮೂರನೆಯದಕ್ಕೆ ಇನ್ನೂ ನಾಲ್ಕಾರು ಜನ. ಕಳಕಮ್ಮನ ದನಿ ಎಲ್ಲಿ ಹರಿಯುತ್ತಿತ್ತೋ ಅಲ್ಲಿ ಅವರದು ಬಂದು ಸೇರುತ್ತಿತ್ತು.

ಬಲಗೈಯ ಬೆರಳುಗಳು ಮೊಣಕಾಲ ಮೇಲೆ ತಾವಾಗಿಯೇ ಆಡುತ್ತಿದ್ದವು. ತಿದಿ ಒತ್ತುವ ಎಡಗೈಗೆ ಮಾತ್ರ ಏನು ಮಾಡಬೇಕೆಂದು ತಿಳಿಯದೆ ಅದು ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

ಸಣ್ಣವ್ವ ಗೋಡೆಗೊರಗಿ ಅದನ್ನೇ ನೋಡುತ್ತಿದ್ದಳು. ನಾಲ್ಕನೆಯ ನುಡಿ ಶುರುವಾಗುವಾಗ ಎದ್ದು ಬಂದು, ತೂಗುತ್ತಿದ್ದವಳ ಕೈಯಿಂದ ತೊಟ್ಟಿಲಿನ ಹಗ್ಗ ತೆಗೆದುಕೊಂಡು, ಆ ಎಡಗೈಯಲ್ಲಿ ಇಟ್ಟು ಬೆರಳುಗಳನ್ನು ಮಡಿಚಿದಳು. ಕಳಕಮ್ಮ ಹಾಡು ಬಿಡಲಿಲ್ಲ. ಹಗ್ಗ ಎಳೆದಳು, ಬಿಟ್ಟಳು.