ಹಗೇವಿನ ಮೇಲೆ ನಿಂತ ಗಾಡಿಯ ಗಂಟೆ

ನಾನು ಒಂದು ಕಾಲ್ಗಂಟೆ. ಕುದುರೆ ಗಾಡಿಯ ಕಾಲುಹಲಗೆಯ ಕೆಳಗೆ ನನ್ನನ್ನು ಬಿಗಿದಿರುತ್ತಾರೆ. ಗಾಡಿ ಹೊಡೆಯುವವರು ಮೇಲಿನ ಕೀಲನ್ನು ತುಳಿದರೆ 'ಠಣ್' ಎನ್ನುತ್ತೇನೆ. ಹೀಗಾಗಿ ಮನುಷ್ಯರ ಮುಖಕ್ಕಿಂತ ಅವರ ಪಾದಗಳೇ ನನಗೆ ಹೆಚ್ಚು ಪರಿಚಯ.

ನನ್ನನ್ನು ಎರಕ ಹೊಯ್ದವನು ಮೌನೇಶಪ್ಪನೆಂಬ ಕಂಚುಗಾರ. ಮೊದಲ ಸಲ ಬಡಿದು ನೋಡಿ, "ಇದರ ದನಿ ಒಂದ ಹರದಾರಿ ಹೋಗತೈತಿ ನೋಡು" ಎಂದ. ನಾನು ಉಬ್ಬಿಹೋದೆ. ಹೊಸ ಸಾಮಾನಿಗೆ ಅಷ್ಟು ಜಂಬ ಇದ್ದದ್ದೇ.

ನನ್ನ ಮೊದಲ ಯಜಮಾನರು ಗುಂಡೋಪಂತ ಕಟಗೇರಿ ಡಾಕ್ಟರು. ಸುತ್ತಲಿನ ಹದಿನಾಲ್ಕು ಹಳ್ಳಿಗೆ ಅವರೊಬ್ಬರೇ ಡಾಕ್ಟರು. ಬಲಗಾಲಿನ ಬೂಟಿನ ಹೊಲಿಗೆ ಬಿಟ್ಟಿತ್ತು, ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಚಂದ್ರಿ ಎಂಬ ಹೆಣ್ಣುಕುದುರೆಯ ಲಗಾಮನ್ನು ತಾವೇ ಹಿಡಿಯುತ್ತಿದ್ದರು. ಓಣಿಯಲ್ಲಿ ಆಡುವ ಕೂಸುಗಳು ಗಾಲಿಗೆ ಸಿಕ್ಕಾವೆಂಬ ಹೆದರಿಕೆಯಿಂದ ಊರ ಅಗಸೆಬಾಗಿಲಿನಿಂದಲೇ ನನ್ನನ್ನು ತುಳಿಯುತ್ತ ಬರುವರು. ಆಗ ನನ್ನ ದನಿಗೆ ಭಾರಿ ಮರ್ಯಾದೆ ಇತ್ತು. ಹೆರಿಗೆ ನೋವಿನಲ್ಲಿದ್ದ ಹೆಂಗಸರಿಗೆ ಮನೆಯವರು, "ಬಂದ್ರವ್ವ, ಡಾಕ್ಟರ ಬಂದ್ರು, ಇನ್ನೊಂದೀಟ ತಡಕೋ" ಎನ್ನುವುದನ್ನು ಎಷ್ಟು ಸಲ ಕೇಳಿದ್ದೇನೋ.

ಆಮೇಲೆ ಪ್ಲೇಗು ಬಂತು. ಒಬ್ಬರಿಗೆ ಗಡ್ಡೆ ಎದ್ದರೂ ಮನೆಮಂದಿಯನ್ನೆಲ್ಲ ಊರ ಹೊರಗಿನ ತಟ್ಟಿಯ ಗುಡಿಸಲಿಗೆ ಸಾಗಿಸಬೇಕೆಂಬ ನಿಯಮವಾಯಿತು. ಯಾರಿಗೆ ಗಡ್ಡೆ ಎದ್ದಿದೆ ಎಂದು ಡಾಕ್ಟರೇ ಸರಕಾರಕ್ಕೆ ತಿಳಿಸಬೇಕು. ಹೋದವರಲ್ಲಿ ತಿರುಗಿ ಬಂದವರು ಕಡಿಮೆ. ಈಗ ನನ್ನ ದನಿ ಕೇಳಿದೊಡನೆ ಓಣಿಯ ತುಂಬ ದಬದಬ ಓಡಾಟ, ಬಾಗಿಲು ಹಾಕುವ ಸದ್ದು. ಕಾಯಿಲೆಯವರನ್ನು ಹಿತ್ತಿಲಿಗೋ ಅಟ್ಟಕ್ಕೋ ಮೇವಿನ ಬಣವೆಯ ಸಂದಿಗೋ ತಳ್ಳುತ್ತಿದ್ದರು. "ಈ ಊರಾಗ ಯಾರಿಗೂ ಜ್ವರಾನೇ ಇಲ್ಲಲ್ಲ" ಎಂದು ಡಾಕ್ಟರು ಬೆರಗಾಗುವರು. ಎಂಥ ಬುದ್ಧಿವಂತರು ನೋಡಿ! ಕಾಲಿನ ಕೆಳಗಿನ ನಾನೇ ಎಲ್ಲರನ್ನೂ ಎಚ್ಚರಿಸುತ್ತಿದ್ದೇನೆಂದು ಅವರಿಗೆ ಹೊಳೆಯಲೇ ಇಲ್ಲ.

ಮಸಾರಿಕಟ್ಟಿಯ ಫಕೀರವ್ವನ ಮಾತು ಹೇಳದೆ ನನಗೆ ಬಿಡುಗಡೆಯಿಲ್ಲ.

ಅವಳ ಅಣ್ಣನ ಮನೆಯ ಐದು ಮಂದಿ ಆ ಗುಡಿಸಲಿಗೆ ಹೋಗಿ ಐವರೂ ಹೆಣವಾಗಿದ್ದರು. ಅದಾಗಿ ತಿಂಗಳಿಗೆ ಅವಳ ಏಳು ವರ್ಷದ ಮಗಳು ದುಂಡವ್ವನಿಗೆ ಜ್ವರ ಬಂದು ಕಿವಿಯ ಕೆಳಗೆ ಗಡ್ಡೆ ಎದ್ದಿತು. ಉರಿಬಿಸಿಲಿನ ಮಧ್ಯಾಹ್ನ. ಗಂಡ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗಿದ್ದ. ಅಗಸೆಯಲ್ಲಿ ನಾನು 'ಠಣ್' ಎಂದೆ. ಫಕೀರವ್ವನೂ ಅವಳ ಅತ್ತೆಯೂ ಗಾಬರಿಯಲ್ಲಿ ಹುಡುಗಿಯನ್ನು ಅಂಗಳದ ಹಗೇವಿಗೆ ಇಳಿಸಿದರು. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಅದರ ಬಾಯಿ ತೆರೆದರೆ ಮೊದಲು ದೀಪ ಇಳಿಬಿಟ್ಟು ಒಳಗೆ ಉಸಿರುಗಟ್ಟಿಸುವ ಗಾಳಿ ಇದೆಯೇ ಎಂದು ನೋಡುವುದು ರೂಢಿ. ಆ ಹೊತ್ತಿನಲ್ಲಿ ಯಾರಿಗೆ ದೀಪದ ನೆನಪು? ಬಂಡೆ ಎಳೆದು ಮೇಲೆ ಹೊಟ್ಟು ಹರಡಿದರು. ಇದೆಲ್ಲ ನನಗೆ ಆಮೇಲೆ ತಿಳಿಯಿತು.

ಡಾಕ್ಟರು ಬೇವಿನ ನೆರಳು ನೋಡಿ ಗಾಡಿ ನಿಲ್ಲಿಸಿದರು. ಎಡಬದಿಯ ಗಾಲಿ ಸರಿಯಾಗಿ ಆ ಬಂಡೆಯ ಮೇಲೆ ನಿಂತಿತು.

ಒಳಗೆ ಹೋಗಿ ಬಂದವರು ಕಾಲುಹಲಗೆಯ ಮೇಲೆ ಕುಳಿತೇಬಿಟ್ಟರು. "ಹುಡುಗಿ ಎಲ್ಲಿ ಫಕೀರವ್ವ?"

"ಅವರ ಅತ್ತೀ ಊರಿಗೆ ಹೋಗ್ಯಾಳ್ರಿ."

"ಹಾಸಿಗಿ ಇನ್ನೂ ಬೆಚ್ಚಗದ. ಹಣೀ ಮ್ಯಾಲೆ ಹಾಕೋ ಅರಿವಿ ಹಸೀನೇ ಅದ. ನಾ ಬೈಯೂದಿಲ್ಲ, ಅಕಿನ್ನ ತೋರ್ಸು. ತೋರ್ಸೂತನಕಾ ಇಲ್ಲಿಂದ ಏಳೂದಿಲ್ಲ."

"ಗಾಡಿ ಆ ಕಡೆ ನಿಲ್ಲಸ್ರಿ ಯಪ್ಪಾ. ಇಲ್ಲಿ ಎತ್ತ ಕಟ್ಟಬೇಕು."

"ಎತ್ತು ಹೊಲದಾಗ ಅವ. ಬಂದಾಗ ಸರಸ್ತೀನಿ."

ಮಗುವನ್ನು ಉಳಿಸಬೇಕೆಂದೇ ಅವರು ಹಟ ಹಿಡಿದಿದ್ದರು. ಮಗುವನ್ನು ಉಳಿಸಬೇಕೆಂದೇ ಅವಳು ಬಾಯಿ ಬಿಡಲಿಲ್ಲ. ಕೆಳಗಿನಿಂದ ಒಂದು ದನಿ "ಅವ್ವಾ" ಎಂದಿತು. ಬಂಡೆಯ ನಡುಕ ಗಾಲಿಗೆ ಹತ್ತಿ, ಗಾಲಿಯಿಂದ ನನಗೆ ಬಂತು. ಮೇಲಿದ್ದವರ ಕಿವಿಗೆ ಬೀಳಲಿಲ್ಲ. ಆಮೇಲೆ ಕೆಮ್ಮು. ಆಮೇಲೆ ಕಲ್ಲನ್ನು ಉಗುರಿನಿಂದ ಕೆರೆಯುವ ಸದ್ದು. ಹರದಾರಿ ದೂರ ಕೂಗಬಲ್ಲ ನಾನು ಯಾರಾದರೂ ತುಳಿಯದೆ ಚಕಾರ ಎತ್ತಲಾರೆ. ತುಳಿಯಿರಿ, ಯಾರಾದರೂ ನನ್ನನ್ನು ತುಳಿಯಿರಿ ಎಂದು ಒಳಗೊಳಗೇ ಬಡಬಡಿಸಿದೆ. ಯಾರಿಗೆ ಕೇಳಬೇಕು! ಫಕೀರವ್ವನ ಬರಿಗಾಲು ಅಂಗಳದಲ್ಲಿ ಅತ್ತ ಇತ್ತ ಸುತ್ತುತ್ತಿತ್ತು. ಕೆರೆಯುವ ಸದ್ದೂ ನಿಂತಿತು.

ಕೊನೆಗೆ ಅವಳು ಚೀರಿಕೊಂಡು ಚಂದ್ರಿಯ ಲಗಾಮಿಗೆ ಜೋತುಬಿದ್ದಳು. "ಸರೀರಿ! ಗಾಡಿ ಸರಸ್ರಿ! ನನ್ನ ಕೂಸು ಅಲ್ಲೈತ್ರಿ!"

ಬಂಡೆ ಸರಿಸಿ ಡಾಕ್ಟರೇ ಉಸಿರು ಬಿಗಿಹಿಡಿದು ಇಳಿದರು. ಹುಡುಗಿಯನ್ನು ಎತ್ತಿ ತಂದು ನೆಲಕ್ಕೆ ಮಲಗಿಸಿ ಎದೆ ಒತ್ತಿದರು, ಬಾಯಿಗೆ ಬಾಯಿಟ್ಟು ಊದಿದರು. ಎಲ್ಲ ಮುಗಿದಿತ್ತು. ಕಿವಿಯ ಕೆಳಗಿನ ಬಾವನ್ನು ಮುಟ್ಟಿ, ಮತ್ತೊಮ್ಮೆ ಮುಟ್ಟಿ ನೋಡಿದರು.

"ಪ್ಲೇಗೇನ್ರಿ?" ಎಂದಳು ಫಕೀರವ್ವ.

"ಹೌದವ್ವ, ಪ್ಲೇಗು. ಇವತ್ತಲ್ಲ ನಾಳೆ ಹೋಗೂ ಜೀವ. ನಿನ್ನ ತಪ್ಪು ಏನೂ ಇಲ್ಲ. ನಾ ಸರಕಾರಕ್ಕ ತಿಳಸೂದಿಲ್ಲ, ನೀವು ಮನ್ಯಾಗ ಇರ್ರಿ."

ಊರು ದಾಟಿದ ಮೇಲೆ ಗಾಡಿ ನಿಲ್ಲಿಸಿದರು. ಕೇಳಲು ಚಂದ್ರಿಯ ಹೊರತು ಯಾರೂ ಇರಲಿಲ್ಲ. "ಮಂಗನಬಾವು ಚಂದ್ರೀ, ಬರೇ ಮಂಗನಬಾವು! ಎಂಟು ದಿನದಾಗ ತಾನೇ ಇಳೀತಿತ್ತು" ಎಂದು ಹಣೆ ಹಣೆ ಬಡಿದುಕೊಂಡರು. ನನ್ನನ್ನು ಬಿಚ್ಚಿ ಔಷಧದ ಚೀಲಕ್ಕೆ ಹಾಕಿದರು. ಅವರು ಬದುಕಿರುವವರೆಗೆ ನಾನು ಮತ್ತೆ 'ಠಣ್' ಎನ್ನಲಿಲ್ಲ. ಅದಕ್ಕೆ ನನಗೆ ಸಂತೋಷವೇ ಆಯಿತು.

ಅವರು ತೀರಿಕೊಂಡ ಮೇಲೆ ಗಾಡಿ ಜಟಕಾ ಹೊಡೆಯುವ ಮೋದಿನಸಾಬನ ಕೈಗೆ ಹೋಯಿತು. ಅವನು ನನ್ನನ್ನು ಹುಡುಕಿ ತೆಗೆದು ಮತ್ತೆ ಬಿಗಿದ. ಈಗ ಜಟಕಾವೂ ಇಲ್ಲ, ಅವನೂ ಇಲ್ಲ. ಹಳೆ ಸಾಮಾನಿನ ಅಂಗಡಿಯಲ್ಲಿ ಮುರುಕು ಹಂಡೆಯೊಳಗೆ ಬಿದ್ದಿದ್ದೇನೆ. ಇನ್ನು ಕರಗಿಸುವುದೊಂದು ಬಾಕಿ. ಕರಗಿದ ಮೇಲೆ ತಂಬಿಗೆಯಾದರೂ ಆಗಲಿ, ತಟ್ಟೆಯಾದರೂ ಆಗಲಿ, ಗಂಟೆ ಮಾತ್ರ ಬೇಡ.

ಜಟಕಾದ ದಿನಗಳಲ್ಲೇ ಒಂದು ಬೆಳಗ್ಗೆ ತಲೆ ನರೆತ ಹೆಂಗಸೊಬ್ಬಳು ಹತ್ತಿದಳು. ಆ ಬರಿಗಾಲು ನನಗೆ ಮರೆಯುವಂಥದ್ದಲ್ಲ. "ಇದು ಕಟಗೇರಿ ಡಾಕ್ಟರ ಗಾಡಿ ಅಲ್ಲೇನೋ?" ಎಂದು ಕೇಳಿ, ತಾನಾಗಿಯೇ ಎಲ್ಲವನ್ನೂ ಹೇಳಿದಳು.

"ಪ್ಲೇಗಿನ ಕೂಸು. ಏನ ಮಾಡಿದ್ರೂ ಉಳೀತಿರಲಿಲ್ಲ ಬಿಡವ್ವ" ಎಂದ ಮೋದಿನಸಾಬ.

"ಪ್ಲೇಗ ಅಲ್ಲೋ ತಮ್ಮಾ. ಮುಂದ ನಾಕ ವರ್ಷಕ್ಕ ನನ್ನ ಸಣ್ಣ ಮಗಗ ಅದ ಜಾಗಾದಾಗ ಅದ ಬಾವು ಬಂತು. ಎಂಟ ದಿನಕ್ಕ ಇಳೀತು. ಅವತ್ತ ತಿಳೀತು ನನಗ."

"ಡಾಕ್ಟರನ್ನ ಕೇಳಲಿಲ್ಲೇನು?"

"ಹ್ಯಾಂಗ ಕೇಳಲಿ? ಭೆಟ್ಟಿಯಾದಾಗೊಮ್ಮೆ ಕೈ ಮುಗದು, 'ಪ್ಲೇಗಿನಾಗ ಹೋತ್ರಿ, ನಿಮ್ಮ ಕೈಯಾಗರ ಏನಿತ್ತು' ಅಂತಿದ್ದೆ. ಅಷ್ಟ ಕೇಳಿ ಆ ಮನಷ್ಯಾ ಒಂದೀಟ ಉಸರ ಬಿಡತಿದ್ದ. ಅವರು ಸಾಯೂತನಕಾ ಹಂಗ ಅಂದೆ."