ಏಳನೇ ನಂಬರಿನ ಕೋಲು

ಮಗಳು ಬಸ್ಸು ಓಡಿಸುವವಳು. ಬೆಳಗಿನ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಮನೆಗೆ ಬಂದವಳು, ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಅಪ್ಪನ ಊಟದ ಮೇಜಿನ ಮೇಲೆ ಮಲಗಿಸಿದಳು.

“ಬಿಚ್ಚು ಅಪ್ಪ,” ಅಂದಳು. “ಡಾಕ್ಟರು ನಡೀರಿ ನಡೀರಿ ಅಂತ ಬಾಯಿ ಬಡ್ಕೊಳ್ತಿದ್ದಾರೆ. ಬರೀ ನಡೆ ಅಂದ್ರೆ ನೀನು ನಡೆಯೋ ಪೈಕಿ ಅಲ್ಲ. ಚೆಂಡಿನ ಹಿಂದೆ ಆದ್ರೆ ಮೈಲಿಗಟ್ಟಲೆ ಹೋಗ್ತಿದ್ದೆ.”

ಪೆಟ್ಟಿಗೆಯಲ್ಲಿ ಗಾಲ್ಫ್ ಆಡುವ ಐರನ್ ಕೋಲುಗಳಿದ್ದವು. ನಾಲ್ಕನೇ ನಂಬರಿನಿಂದ ಒಂಬತ್ತರವರೆಗೆ ಆರು, ಹತ್ತಿರದ ಹೊಡೆತಕ್ಕೆಂದು ಇನ್ನೊಂದು. ತಲೆಗಳಿಗೆ ತೆಳುವಾದ ಪ್ಲಾಸ್ಟಿಕ್ ಸುತ್ತಿತ್ತು. ಹಿಡಿಗಳ ಹೊಸ ರಬ್ಬರಿನ ವಾಸನೆ ಅಡುಗೆಮನೆಯವರೆಗೂ ಹರಡಿತು.

ಅಪ್ಪ ಅಚ್ಚಣ್ಣ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಅವನು ಕಟ್ಟುಹಲ್ಲು ತಯಾರಿಸುವವನು. ದಂತವೈದ್ಯರು ಕಳಿಸುವ ಬಾಯಿಯ ಅಚ್ಚಿಗೆ ತಕ್ಕಂತೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಮೂವತ್ತೈದು ವರ್ಷದ ಕಸುಬು. ಆ ಅಚ್ಚುಗಳ ದೆಸೆಯಿಂದಲೇ ಇಟ್ಟ ಹೆಸರು ಮರೆತುಹೋಗಿ ಅಚ್ಚಣ್ಣ ಅನ್ನುವುದು ಉಳಿದಿತ್ತು. ಎರಕ ಬಲ್ಲವನ ಕೈ ಸುಮ್ಮನಿರಲಿಲ್ಲ. ಒಂಬತ್ತನೇ ನಂಬರನ್ನು ಎತ್ತಿ, ಪ್ಲಾಸ್ಟಿಕ್ ಸುಲಿದು, ಉಕ್ಕಿನ ಅಂಚಿನುದ್ದಕ್ಕೂ ಹೆಬ್ಬೆರಳಿನ ಉಗುರು ಎಳೆದ. ಎಲ್ಲೂ ಒಂದು ಕೂದಲಿನಷ್ಟು ತೊಡರಲಿಲ್ಲ. ಅವನ ಹಳೆಯ ಕೋಲುಗಳ ತಲೆ ಚಾಕುವಿನಂತೆ ತೆಳ್ಳಗಿತ್ತು. ಚೆಂಡು ಒಂದಿಷ್ಟು ಅತ್ತಿತ್ತ ತಗುಲಿದರೂ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. ಇವುಗಳ ಬೆನ್ನನ್ನು ಒಳಕ್ಕೆ ಕೊರೆದು ಭಾರವನ್ನೆಲ್ಲ ಕೆಳಗೆ ಇಳಿಸಿದ್ದರು.

“ಹೊಡೆತ ಸ್ವಲ್ಪ ತಪ್ಪಿದ್ರೂ ಕೋಲೇ ಸರಿಮಾಡ್ಕೊಳ್ಳುತ್ತಂತೆ. ಅಂಗಡಿಯವನು ಹೇಳ್ದ,” ಅಂದಳು ಮಗಳು. ಆಮೇಲೆ ದನಿ ತಗ್ಗಿಸಿದಳು. “ಒಂಬತ್ತು ವರ್ಷ ಆಯ್ತಪ್ಪ. ಸಾಕು ಬಿಡು.”

ಅವನು ಒಂದೊಂದೇ ಕೋಲಿನ ಪ್ಲಾಸ್ಟಿಕ್ ಸುಲಿದು ಗೋಡೆಗೆ ಒರಗಿಸಿದ. ಏಳನೇ ನಂಬರನ್ನು ಮಾತ್ರ ಪೆಟ್ಟಿಗೆಯಲ್ಲೇ ಬಿಟ್ಟ. ಮಗಳು ನೋಡಿಯೂ ನೋಡದವಳಂತೆ ಎದ್ದು ನೀರು ಕುಡಿಯಲು ಹೋದಳು.

ಒಂಬತ್ತು ವರ್ಷದ ಹಿಂದೆ, ಊರಿನ ಸಾರ್ವಜನಿಕ ಗಾಲ್ಫ್ ಮೈದಾನದಲ್ಲಿ, ಏಳನೇ ನಂಬರಿನ ಕೋಲಿನಿಂದ ಅವನು ಹೊಡೆದ ಚೆಂಡು ಅವನ ಗೆಳೆಯನ ಕಿವಿಯ ಹಿಂದಕ್ಕೆ ಬಡಿದಿತ್ತು. ಗೆಳೆಯ ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ.

ಆ ಗೆಳೆಯನನ್ನು ಎಲ್ಲರೂ ಉದ್ದಣ್ಣ ಅನ್ನುತ್ತಿದ್ದರು, ಬಾಗಿಲು ಕಂಡಲ್ಲೆಲ್ಲ ತಲೆ ಬಗ್ಗಿಸಬೇಕಾದ ಆಳು. ನೀರು ಸರಬರಾಜು ಇಲಾಖೆಯಲ್ಲಿ ಸೋರಿಕೆ ಹುಡುಕುವ ಕೆಲಸ. ಬೆಳಗಿನ ಜಾವ ವಾಹನಗಳು ಓಡಾಡುವ ಮೊದಲು, ಒಂದು ಕಬ್ಬಿಣದ ಸಲಾಕೆಯ ತುದಿಯನ್ನು ರಸ್ತೆಗೆ ಊರಿ, ಇನ್ನೊಂದು ತುದಿಗೆ ಕಿವಿಯಿಟ್ಟು, ನೆಲದಡಿಯ ಪೈಪು ಎಲ್ಲಿ ಒಡೆದಿದೆ ಎಂದು ಕೇಳಿ ಹೇಳುತ್ತಿದ್ದ. “ನೀನು ಜನರ ಬಾಯಿ ನೋಡ್ಕೋ, ನಾನು ಊರಿನ ಹೊಟ್ಟೆ ನೋಡ್ಕೋತೀನಿ,” ಅಂತ ಅಚ್ಚಣ್ಣನನ್ನು ಛೇಡಿಸುತ್ತಿದ್ದ. ಇಪ್ಪತ್ತು ವರ್ಷ ಇಬ್ಬರೂ ವಾರಕ್ಕೊಮ್ಮೆ ಜೊತೆಯಾಗಿ ಆಡಿದ್ದರು.

ವಿಚಾರಣೆಗೆ ಬಂದ ಅಧಿಕಾರಿ ಕೇಳಿದ ಮೊದಲ ಪ್ರಶ್ನೆ, “ಎಚ್ಚರಿಸಿ ಕೂಗಿದ್ರಾ?”

“ಕೂಗಿದೆ ಸಾರ್. ಹುಷಾರ್ ಅಂತ ಕೂಗಿದೆ.”

“ಹಾಗಾದ್ರೆ ಅವರು ಯಾಕೆ ಬಗ್ಗಲಿಲ್ಲ? ಕಿವಿ ಹೇಗಿತ್ತು ಅವರದ್ದು?”

“ಪಂಪುಗಳ ಗದ್ದಲದಲ್ಲಿ ಕೆಲಸ ಮಾಡಿದವನು ಸಾರ್... ಹೇಳೋಕಾಗಲ್ಲ.”

ಮೃತರಿಗೆ ಕಿವಿ ಮಂದವಾಗಿದ್ದ ಕಾರಣ ಎಚ್ಚರಿಕೆ ಕೇಳಿಸಿಲ್ಲ ಎಂದು ವರದಿಯಾಯಿತು. ಅಚ್ಚಣ್ಣನ ಮೇಲೆ ಯಾರೂ ಬೆರಳು ತೋರಿಸಲಿಲ್ಲ. ಅವನು ಹಳೆಯ ಕೋಲುಗಳನ್ನು ಗುಜರಿಗೆ ಹಾಕಿ, ಆ ಮೈದಾನದ ಕಡೆ ತಲೆಹಾಕುವುದನ್ನೇ ಬಿಟ್ಟ.

ಆದರೆ ಆ ಕೂಗು ಅವನನ್ನು ಬಿಡಲಿಲ್ಲ. ಕಾರ್ಯಾಗಾರದಲ್ಲಿ ಕಟ್ಟುಹಲ್ಲು ಉಜ್ಜಿ ನಯಮಾಡುವ ಯಂತ್ರದ ಸದ್ದು ನಿಂತ ಕೂಡಲೇ, ಆ ಹಠಾತ್ ಮೌನದಲ್ಲಿ, ತನ್ನದೇ ದನಿ ಕೇಳುತ್ತಿತ್ತು. “ಹುಷಾರ್!” ದಿನಕ್ಕೆ ನಾಲ್ಕು ಸಲ, ಐದು ಸಲ. ಒಮ್ಮೊಮ್ಮೆ ಕೈಯಲ್ಲಿದ್ದ ಗಾರೆಯ ಅಚ್ಚು ಜಾರಿ ಬೀಳುತ್ತಿತ್ತು. ಹೆಂಡತಿ ಬದುಕಿದ್ದಾಗ ಅವಳಿಗೂ ಹೇಳಿದ್ದ. “ಕೂಗಿದ್ದೀರಲ್ಲ, ಅದಕ್ಕೇ ಕೇಳ್ಸುತ್ತೆ,” ಎಂದು ಸಮಾಧಾನ ಮಾಡಿದ್ದಳು. ಅವನೂ ಅದನ್ನು ಸಾಕ್ಷಿಯಂತೆ ಹಿಡಿದುಕೊಂಡಿದ್ದ. ಎಷ್ಟೇ ಬೆಚ್ಚಿಬಿದ್ದರೂ, ಒಳಗೊಳಗೇ ಆ ಕೂಗೇ ಅವನಿಗೆ ಆಸರೆಯಾಗಿತ್ತು.

ಮಗಳ ಮನಸ್ಸು ನೋಯಿಸಲಾರದೆ, ಮಾರನೇ ವಾರ ಒಂದು ಬೆಳಗ್ಗೆ ಹತ್ತು ಗಂಟೆಗೆ ಕೋಲುಗಳನ್ನು ಹೆಗಲಿಗೇರಿಸಿಕೊಂಡು ಹೊರಟ. ಆಟದ ಮೈದಾನಕ್ಕಲ್ಲ, ಪಕ್ಕದ ಅಭ್ಯಾಸದ ಬಯಲಿಗೆ. ಸಾಲಾಗಿ ಹಾಸಿದ ಹಸಿರು ಚಾಪೆಗಳು, ಒಂದು ಬುಟ್ಟಿ ಚೆಂಡು, ಎದುರಿಗೆ ದೂರದವರೆಗೆ ಹುಲ್ಲು. ಹೊಡೆಯುವವರು ಬೇರೆ ಯಾರೂ ಇರಲಿಲ್ಲ.

ಒಂಬತ್ತನೇ ನಂಬರಿನಿಂದ ಶುರುಮಾಡಿದ. ಮೊದಲೆರಡು ಹೊಡೆತ ಚಾಪೆ ಕೆರೆದವು. ಮೂರನೆಯದು ಎದ್ದಿತು. ಸದ್ದು ಕೇಳಿ ಅವನಿಗೆ ಜೀವ ಬಂದಂತಾಯಿತು. ಹಳೆಯ ಕೋಲುಗಳು ಟಕ್ ಎನ್ನುತ್ತಿದ್ದವು, ಆ ಟಕ್ ಸದ್ದಿಗೇ ಅವನು ಹೆದರಿ ಕಾದಿದ್ದು. ಇವು ದಿಂಬಿಗೆ ಗುದ್ದಿದಂತೆ ಥಪ್ ಎಂದವು, ಅಷ್ಟೇ. ಎಂಟನೇ ನಂಬರು ತೆಗೆದ. ಚೆಂಡು ಕೋಲಿನ ತಲೆಯ ತುದಿಗೆ ಬಡಿದಿದ್ದು ಅವನಿಗೇ ಗೊತ್ತಾಯಿತು. ಆದರೂ ಅದು ಹೆಚ್ಚುಕಡಿಮೆ ನೇರಕ್ಕೇ ಹೋಯಿತು. ‘ಅಂಗಡಿಯವನು ಸುಳ್ಳು ಹೇಳಿಲ್ಲ’ ಅಂದುಕೊಂಡ. ಆರನೆಯದನ್ನು ಹೊಡೆದ. ಐದನೆಯದು ಹಿಡಿತಕ್ಕೆ ಸಿಗಲಿಲ್ಲ, ಅದು ಮೊದಲೂ ಸಿಕ್ಕಿರಲಿಲ್ಲ. ಬೆನ್ನು ಬೆವರಿ ಅಂಗಿ ಅಂಟಿಕೊಂಡಿತ್ತು. ಮೈ ಹಗುರವಾಗಿತ್ತು. ಆ ಹುರುಪಿನಲ್ಲೇ ಏಳನೆಯದನ್ನು ಹೊರಗೆಳೆದು, ಪ್ಲಾಸ್ಟಿಕ್ ಹರಿದು, ಹೆಚ್ಚು ಯೋಚಿಸಿದರೆ ಆಗದೆಂದು, ನಿಂತವನೇ ಬೀಸಿದ.

ಕೈಗೆ ಏನೂ ತಗುಲಲಿಲ್ಲ. ಹೊಡೆತ ಅಷ್ಟು ಚೊಕ್ಕವಾಗಿತ್ತು. ಬೆಣ್ಣೆಯೊಳಗೆ ಹಾದುಹೋದಂತೆ ಕೋಲು ಹಾದುಹೋಯಿತು. ಚೆಂಡು ಮೊದಲು ತಗ್ಗಿನಲ್ಲಿ ಹೊರಟು, ಆಮೇಲೆ ಯಾರೋ ಮೇಲಿನಿಂದ ದಾರ ಎಳೆದಂತೆ ಏರಿ ಏರಿ ತಿಳಿ ಆಕಾಶದಲ್ಲಿ ನಿಂತಿತು. ಅಚ್ಚಣ್ಣ ಕೋಲನ್ನು ಹೆಗಲ ಮೇಲೆ ಹಾಗೇ ಹಿಡಿದು, ಬಾಯಿ ಮುಚ್ಚಿ, ಅದನ್ನೇ ನೋಡುತ್ತ ನಿಂತ. ಹಾಗೆ ನೋಡುವಾಗ ಇನ್ನೊಂದು ಕಾಣಿಸಿತು. ಬಯಲಿನ ಅಂಚಿನಲ್ಲಿ ಚೆಂಡು ಆರಿಸುವ ಹೆಂಗಸು ಬಗ್ಗಿ ನಿಂತಿದ್ದಳು. ಚೆಂಡು ಅವಳತ್ತಲೇ ಇಳಿಯುತ್ತಿತ್ತು.

ಅವನಿಗೆ ಅವಳು ಕಂಡಿದ್ದಳು. ಅದನ್ನು ಅವನು ಆಮೇಲೆ ಯಾರೆದುರೂ ಅಲ್ಲಗಳೆಯಲಿಲ್ಲ. ಕಂಡಿದ್ದಳು, ಆದರೂ ನಾಲಿಗೆ ಹೊರಳಲಿಲ್ಲ. ಕಣ್ಣು ಚೆಂಡನ್ನು ಬಿಡಲೊಲ್ಲದು.

ಚೆಂಡು ಅವಳಿಂದ ಹತ್ತು ಹೆಜ್ಜೆ ಆಚೆ ಬಿದ್ದು ಪುಟಿಯಿತು. ಅವಳು ತಲೆಯೆತ್ತಿಯೂ ನೋಡದೆ, ನಡೆದುಹೋಗಿ ಅದನ್ನೂ ಆರಿಸಿ ಬುಟ್ಟಿಗೆ ಹಾಕಿಕೊಂಡಳು.

ಅಚ್ಚಣ್ಣ ಕೋಲು ಕೆಳಗಿಟ್ಟು ಚಾಪೆಯ ಮೇಲೆ ಕುಳಿತ. ಒಂಬತ್ತು ವರ್ಷದ ಹಿಂದಿನ ಆ ದಿನ ಉದ್ದಣ್ಣ ಮುಂದೆ ಹೋಗಿದ್ದ, ಕಳೆದ ಚೆಂಡು ಹುಡುಕುತ್ತ, ಪೊದೆಯ ಪಕ್ಕದಲ್ಲಿ ಬೆನ್ನು ತಿರುಗಿಸಿ. ಹೊಡೆತ ಚೆನ್ನಾಗಿ ಬಂದಿತ್ತು. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಅವತ್ತೂ ಅಚ್ಚಣ್ಣ ಕೋಲನ್ನು ಹೆಗಲ ಮೇಲೆ ಹಿಡಿದು, ಬಾಯಿ ಮುಚ್ಚಿ, ನೋಡುತ್ತ ನಿಂತಿದ್ದ. ಕೂಗಿರಲಿಲ್ಲ.

ಬಯಲಿನಿಂದ ವಾಪಸು ಬಂದ ಮಧ್ಯಾಹ್ನ ಕಾರ್ಯಾಗಾರದಲ್ಲಿ ಯಂತ್ರ ನಿಲ್ಲಿಸಿ ಕಿವಿಗೊಟ್ಟ. ಕೂಗು ಬರಲಿಲ್ಲ. ಮತ್ತೆ ಯಂತ್ರ ಹಾಕಿ ನಿಲ್ಲಿಸಿದ. ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು, ಹೊರಗೆ ಯಾರೋ ಸೈಕಲ್ಲು ತಳ್ಳಿಕೊಂಡು ಹೋದರು. ಶೆಲ್ಫಿನಲ್ಲಿ ಸಾಲಾಗಿಟ್ಟ ಗಾರೆಯ ಬಾಯಿಗಳು ಎಂದಿನಂತೆ ತೆರೆದುಕೊಂಡಿದ್ದವು. ಮೂರು ದಿನ ಹೀಗೇ ಹಾಕಿ ನಿಲ್ಲಿಸಿ ನೋಡಿದ. ಆ ಕೂಗು ಕೇಳುವಾಗ ಇದ್ದ ಭಯಕ್ಕಿಂತ ಅದು ಕೇಳದಿರುವ ಭಯ ದೊಡ್ಡದಾಯಿತು. ನಾಲ್ಕನೇ ದಿನ ಕೈತೊಳೆದು ಉದ್ದಣ್ಣನ ಹೆಂಡತಿಯ ಅಂಗಡಿಗೆ ಹೋದ.

ಗುಂಡಿ, ಜಿಪ್ಪು, ದಾರ, ಲೇಸು ಮಾರುವ ಚಿಕ್ಕ ಅಂಗಡಿ. ನೆಲದಿಂದ ಛಾವಣಿಯವರೆಗೆ ಪುಟ್ಟ ಪುಟ್ಟ ಡ್ರಾಯರುಗಳು, ಪ್ರತಿಯೊಂದರ ಮುಂದೆ ಮಾದರಿಗೆ ಒಂದೊಂದು ಗುಂಡಿ ಅಂಟಿಸಿತ್ತು. ಸಾವಿನ ದಿನ ಅವಳ ಮುಖ ನೋಡಿದ್ದೇ ಕೊನೆ, ಆಮೇಲೆ ಅವನು ಇಲ್ಲಿಗೆ ಕಾಲಿಟ್ಟಿರಲಿಲ್ಲ.

“ಬನ್ನಿ ಅಚ್ಚಣ್ಣ,” ಅಂದಳು ಅವಳು, ನಿನ್ನೆ ಬಂದು ಹೋದವನನ್ನು ಕರೆದಂತೆ.

“ಅತ್ತಿಗೆ, ಒಂದು ಮಾತು ಹೇಳ್ಬೇಕು.” ಅವನು ಗಲ್ಲಾದ ಮೇಜಿನ ಅಂಚು ಹಿಡಿದುಕೊಂಡ. “ಅವತ್ತು ನಾನು ಕೂಗಲಿಲ್ಲ.”

ಅವಳು ಕೈಯಲ್ಲಿದ್ದ ಗುಂಡಿಗಳನ್ನು ಬಣ್ಣ ನೋಡಿ ವಿಂಗಡಿಸುತ್ತಲೇ ಇದ್ದಳು. ಕಪ್ಪು ಒಂದು ಕಡೆ, ಕಂದು ಒಂದು ಕಡೆ.

“ಗೊತ್ತು.”

“ಗೊತ್ತಾ?”

“ಈ ಅಂಗಡಿಯಲ್ಲಿ ಒಂದು ಸೂಜಿ ಬಿದ್ರೆ ಒಳಗಿನ ಕೋಣೆಯಿಂದ ‘ಸೂಜಿ ಬಿತ್ತು ನೋಡೇ’ ಅನ್ನೋರು ಅವರು. ಕೂಗಿದ್ರೆ ಕೇಳಿಸ್ದೆ ಇರ್ತಿತ್ತಾ?” ಅವಳು ಈಗ ತಲೆಯೆತ್ತಿದಳು. “ಚೆಂಡು ಬಡಿದಿದ್ದು ಗ್ರಹಚಾರ. ಅದಕ್ಕೆ ನಿಮ್ಮನ್ನ ಬೈಯಲ್ಲ ಅಂತ ಅವತ್ತೇ ತೀರ್ಮಾನ ಮಾಡಿದ್ದೆ. ಆದ್ರೆ ನೀವು ನನ್ನ ಗಂಡನ್ನ ಕಿವುಡ ಮಾಡಿಬಿಟ್ರಿ. ಅವರು ಸತ್ತ ತಿಂಗಳಲ್ಲಿ ಇಲಾಖೆಯವರು ಏನು ಮಾಡಿದ್ರು ಗೊತ್ತಾ? ಕಡೇ ಮೂರು ವರ್ಷ ಅವರು ಕೇಳಿ ‘ಸರಿ ಇದೆ’ ಅಂದಿದ್ದ ಬೀದಿಗಳನ್ನೆಲ್ಲ ಇನ್ನೊಬ್ಬರ ಕೈಲಿ ಮತ್ತೆ ಕೇಳಿಸಿದ್ರು. ಕಿವುಡ ಕೇಳಿದ್ದು ಲೆಕ್ಕಕ್ಕಿಲ್ಲ ಅಂತ. ನಮ್ಮ ಬೀದಿಯನ್ನೂ. ನಾನು ಈ ಬಾಗಿಲಲ್ಲೇ ನಿಂತು ನೋಡಿದೆ.”

ಅದು ಅಚ್ಚಣ್ಣನಿಗೆ ಗೊತ್ತೇ ಇರಲಿಲ್ಲ.

“ಈಗ್ಯಾಕೆ ಬಂದ್ರಿ?” ಅವಳು ಕೇಳಿದಳು.

“ಮಗಳು ಹೊಸ ಕೋಲು ತಂದುಕೊಟ್ಟಳು...” ಎಂದು ಶುರುಮಾಡಿ ಬಯಲಿನಲ್ಲಿ ನಡೆದದ್ದನ್ನೆಲ್ಲ ಹೇಳಿದ. ಹೇಳುತ್ತ ಹೇಳುತ್ತ ತನಗೇ ನಾಚಿಕೆಯಾಯಿತು.

ಅವಳು ನಕ್ಕಳು, ಕೇಳಲು ಹಿತವಾದ ನಗೆಯಲ್ಲ. “ಅಂದ್ರೆ ಒಂಬತ್ತು ವರ್ಷ ನಾನು ಕಾದಿದ್ದು ಒಂದು ಕೋಲಿಗಾ?” ಡ್ರಾಯರು ಮುಚ್ಚಿ ಅಂದಳು. “ನನಗೆ ಹೇಳಿ ಪ್ರಯೋಜನ ಇಲ್ಲ ಅಚ್ಚಣ್ಣ. ಅವರು ಕೆಲಸ ಮಾಡ್ತಿದ್ದ ಕಡೆ ಹೋಗಿ ಹೇಳಿ. ನಾನೂ ಬರ್ತೀನಿ.”

ಮರುದಿನ ಮುಂಜಾನೆ ಇಲಾಖೆಯ ಅಂಗಳದಲ್ಲಿ ಕೆಲಸಕ್ಕೆ ಹೊರಡುವ ಮುಂಚೆ ಹನ್ನೊಂದು ಜನ ಸೇರಿದ್ದರು. ಕೆಲವರ ಕೈಯಲ್ಲಿ ಟೀ ಲೋಟ, ಕೆಲವರ ಕಂಕುಳಲ್ಲಿ ಸಲಾಕೆ. ಅಚ್ಚಣ್ಣ ಪೈಪುಗಳ ರಾಶಿಯ ಪಕ್ಕ ನಿಂತು ಹೇಳಿದ. ಮೂರೇ ಮೂರು ವಾಕ್ಯ. ನಾನು ಕೂಗಲಿಲ್ಲ. ಕೂಗಿದೆ ಅಂತ ಸುಳ್ಳು ಹೇಳಿದೆ. ಅವನ ಕಿವಿ ಸರಿಯಾಗಿತ್ತು.

ಹಿರಿಯನೊಬ್ಬ ಟೀಯನ್ನು ನೆಲಕ್ಕೆ ಚೆಲ್ಲಿ ಎದ್ದು ಹೊರಟುಹೋದ. ಆ ಬೀದಿಗಳನ್ನು ಎರಡನೇ ಸಲ ಕೇಳಿದ್ದು ಅವನೇ ಎಂದು ಆಮೇಲೆ ತಿಳಿಯಿತು. ಮೇಲ್ವಿಚಾರಕ ಕನ್ನಡಕ ಒರೆಸಿಕೊಂಡು, “ಬರೆದು ಕೊಡಿ. ಬಾಯಿಮಾತಿಗೆ ಫೈಲಿನಲ್ಲಿ ಜಾಗ ಇಲ್ಲ,” ಅಂದ.

ಅಚ್ಚಣ್ಣ ಅಲ್ಲೇ ಮೇಜಿನ ಮೂಲೆಯಲ್ಲಿ ಕೂತು ಬರೆದ. ಜೊತೆಗೆ ಬಂದಿದ್ದ ಉದ್ದಣ್ಣನ ಹೆಂಡತಿ ಹಾಳೆ ಕೈಗೆ ತೆಗೆದುಕೊಂಡು ನಿಧಾನವಾಗಿ ಓದಿದಳು. ‘ಬಹುಶಃ ನಾನು ಕೂಗಿರಲಿಲ್ಲ’ ಎಂದಿತ್ತು. ಅವನಿಂದ ಪೆನ್ನು ಕೇಳಿ ಪಡೆದು, ‘ಬಹುಶಃ’ವನ್ನು ಹೊಡೆದುಹಾಕಿ, ಹಾಳೆಯನ್ನು ವಾಪಸು ಕೊಟ್ಟಳು. ಅವನು ಸಹಿ ಮಾಡಿದ.

ಪೊಲೀಸರು ಒಮ್ಮೆ ಕರೆಸಿ ಹೇಳಿಕೆ ಪಡೆದು, ಹಳೆಯ ಫೈಲಿಗೆ ಸೇರಿಸಿ ಕಳಿಸಿದರು. ಮೈದಾನದವರು ಆಟಗಾರರ ಪಟ್ಟಿಯಿಂದ ಅವನ ಹೆಸರು ತೆಗೆದುಹಾಕಿದರು. ದಂತವೈದ್ಯರಲ್ಲಿ ಇಬ್ಬರು ಕೆಲಸ ಕಳಿಸುವುದನ್ನು ನಿಲ್ಲಿಸಿದರು. ಇಲಾಖೆಯ ಫೈಲಿನಲ್ಲಿ ಉದ್ದಣ್ಣನ ಕಿವಿಯ ಬಗ್ಗೆ ಇದ್ದ ಸಾಲು ತಿದ್ದಿದರೆಂದು ಅತ್ತಿಗೆ ಪೋಸ್ಟ್‌ಕಾರ್ಡಿನಲ್ಲಿ ತಿಳಿಸಿದಳು. ಕ್ಷಮಿಸಿದೆ ಎಂದು ಬರೆದಿರಲಿಲ್ಲ, ಅವನು ನಿರೀಕ್ಷಿಸಿಯೂ ಇರಲಿಲ್ಲ.

ಮಗಳಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಅವಳು ಕೇಳಿ ಮುಗಿಸಿ, “ಅಮ್ಮನಿಗೆ ಗೊತ್ತಿತ್ತಾ?” ಅಂದಳು.

“ಇಲ್ಲ. ನನಗೇ ಗೊತ್ತಿರಲಿಲ್ಲ.”

“ಹಾಗನ್ನಬೇಡ ಅಪ್ಪ.”

“ಸರಿ. ಗೊತ್ತಿತ್ತು. ಎಲ್ಲೋ ಒಂದು ಕಡೆ ಗೊತ್ತಿತ್ತು.”

ಎರಡು ವಾರ ಅವಳು ಬರಲಿಲ್ಲ. ಬಂದ ದಿನ ಕೋಲುಗಳನ್ನು ಅಂಗಡಿಗೆ ಹಿಂತಿರುಗಿಸಲು ಮತ್ತೆ ಪೆಟ್ಟಿಗೆಗೆ ತುಂಬುತ್ತಿದ್ದಳು. ಅವನು ಒಂದೊಂದನ್ನೇ ಒರೆಸಿ ಕೊಡುತ್ತಿದ್ದ. ಏಳನೆಯದರ ತಲೆಯ ಮೇಲೆ, ಸರಿಯಾಗಿ ನಡುಮಧ್ಯೆ, ಚೆಂಡಿನ ಬಿಳಿಯ ಗುರುತು ಇನ್ನೂ ಇತ್ತು. ಬಟ್ಟೆಯಿಂದ ಉಜ್ಜಿದ. ಹೋಯಿತು. ಆದರೂ ಕೋಲು ಕೊಡಲು ಕೈ ಚಾಚದೆ ಕುಳಿತೇ ಇದ್ದ. ಅಂಗೈಗೆ ಆ ಹೊಡೆತ ನೆನಪಾಗುತ್ತಿತ್ತು. ಬೇಡವೆಂದರೂ, ಹಿತವಾಗಿ.

“ಏನಪ್ಪ?” ಅಂದಳು ಮಗಳು.

“ಏನಿಲ್ಲ,” ಎಂದು ಎದ್ದು, ನಲ್ಲಿ ತಿರುಗಿಸಿ, ತಣ್ಣೀರಿಗೆ ಕೈಯೊಡ್ಡಿ ತುಂಬ ಹೊತ್ತು ನಿಂತ.