ಅತ್ತೆ ತೊಳೆದ ಕಟ್ಟೆ

ಎಂಜಿನಿಯರ್ ಸೊಸೆಯ ಬಳಿ ಎಣ್ಣೆಬಣ್ಣ ಇರಲಿಲ್ಲ. ರಸ್ತೆ ಅಗಲ ಮಾಡಲು ಬೀದಿಯವರು ಕೂರುತ್ತಿದ್ದ ಮುತ್ತಾತಂದಿರ ಕಾಲದ ಕಲ್ಲುಕಟ್ಟೆಯನ್ನು ಬಿಚ್ಚಿ ಪಕ್ಕದಲ್ಲಿ ಕಟ್ಟಬೇಕಿತ್ತು. ಅವಳು ಕಲ್ಲುಗಳಿಗೆ ಸೀಮೆಸುಣ್ಣದಲ್ಲೇ ನಂಬರು ಹಾಕಿದಳು. ಸೊಸೆಯ ಕೆಲಸ ಚೊಕ್ಕವಾಗಿರಲೆಂದು ಅತ್ತೆ ಬಿಚ್ಚಿಟ್ಟ ಕಲ್ಲನ್ನೆಲ್ಲ ಪೊರಕೆಯಲ್ಲಿ ಉಜ್ಜಿ ತೊಳೆದರು; ನಂಬರೆಲ್ಲ ಅಳಿಸಿಹೋಯಿತು.

ಮೊದಲಿನಂತೆ ಜೋಡಿಸಲಾಗದಿದ್ದರೆ ಕಲ್ಲೆಲ್ಲ ಹೊಸ ರಸ್ತೆಗೆ ಜಲ್ಲಿಯಾಗುತ್ತಿತ್ತು. ಸೊಸೆ ತಲೆಮೇಲೆ ಕೈಹೊತ್ತು ಕೂತಳು.

"ಏಳೇ, ಕೂತೋರನ್ನೇ ಕೇಳೋಣ," ಎಂದು ಅತ್ತೆ ಬೀದಿಯವರನ್ನು ಕರೆದರು.

ಕ್ಷೌರಿಕ ಒಂದು ಕಲ್ಲು ಸವರಿದ. "ಕತ್ತಿ ಮಸೆದು ಗುಳಿ ಬಿದ್ದಿದೆ ನೋಡಿ, ಇದು ನಂದು. ಮೂಲೇಲಿತ್ತು."

ಟೈಲರಜ್ಜ ಇನ್ನೊಂದರ ಮೇಲೆ ಕೂತು ನೋಡಿದರು. "ಇದು ನನ್ನ ಜಾಗ. ಇವನ ಎಡಕ್ಕೆ."

"ಹೌದ್ಹೌದು, ನಿಮ್ಮ ಭಾರಕ್ಕೇ ತಗ್ಗಾಗಿರೋದು," ಎಂದರು ಅತ್ತೆ. ಸೊಸೆಗೂ ನಗು ತಡೆಯಲಾಗಲಿಲ್ಲ.

ಹೀಗೆ ಒಬ್ಬರ ಪಕ್ಕ ಒಬ್ಬರಾಗಿ ಕಟ್ಟೆ ಎದ್ದಿತು. ಹಾಳಾದದ್ದು ಒಂದು ಡಬ್ಬಿ ಸೀಮೆಸುಣ್ಣ, ಎರಡು ಪೊರಕೆ.